ಕೊಡೆ ನೋಡಿ ಹೆಸರಿಡಬೇಡಿ, ಬುಡ ನೋಡಿ



ಆರಿದ್ರಾ ಮಳೆ ಹಿಡಿದಿದೆ. ತೋಟಕ್ಕೆ ಕಾಲಿಟ್ಟರೆ ಇಂಬಳ, ಮರದ ಬುಡಕ್ಕೆ ಕಣ್ಣು ಹಾಯಿಸಿದರೆ ಅಣಬೆ. ಈ ದಿನಗಳಲ್ಲಿ ನಮ್ಮ ಪತ್ರಿಕೆಯಲ್ಲಿ ಮೈಲುತುತ್ತದ ದಾಸ್ತಾನು, ಬೋರ್ಡೋ ದ್ರಾವಣ ತಯಾರಿಸುವ ಕ್ರಮ, ಕಾಫಿ ಮತ್ತು ಅಡಿಕೆಯ ಧಾರಣೆ ಇವುಗಳ ಬಗ್ಗೆ ಬರೆಯುವುದು ವಾಡಿಕೆ. ಅವು ಎಂದಿನಂತೆ ಬೇರೆ ಪುಟಗಳಲ್ಲಿವೆ. ಈ ಪುಟದಲ್ಲಿ ನಾವು ಕಾಡಣಬೆಯ ವಿಷಯವನ್ನು, ಅದರಲ್ಲೂ ಅದನ್ನು ಗುರುತಿಸುವ ಮತ್ತು ಅದರ ಚಿತ್ರ ತೆಗೆಯುವ ವಿಷಯವನ್ನು ಎತ್ತಿಕೊಂಡಿದ್ದೇವೆ. ಕಾರ್ಯದರ್ಶಿಗಳಿಗೆ ಬೇರೆ ಕೆಲಸವಿಲ್ಲವೆ ಎಂದು ಕೆಲವರು ನಕ್ಕಾರು. ಪೂರ್ತಿ ಓದಿದ ಮೇಲೆ ನಗಲಿ ಎಂಬುದಷ್ಟೇ ನಮ್ಮ ವಿನಂತಿ.

ಹೋದ ವರ್ಷ ಇದೇ ಕಾಲದಲ್ಲಿ ನಡೆದ ಸಂಗತಿ. ಒಂದು ಭಾನುವಾರ ಬೆಳಗ್ಗೆ ನಮ್ಮ ಕಣದ ಅಂಚಿನ ಹುಲ್ಲಿನಲ್ಲಿ ದೊಡ್ಡ ಬಿಳಿ ಅಣಬೆಗಳು ಸಾಲಾಗಿ ಎದ್ದಿದ್ದವು. ಊಟದ ತಟ್ಟೆಯಷ್ಟು ಅಗಲದ ಕೊಡೆ, ನೆತ್ತಿಯ ಮೇಲೆ ಕಂದು ಬಣ್ಣದ ಚಕ್ಕೆಗಳು, ಅವುಗಳ ಮೇಲೆ ಮಳೆಹನಿ. ಬಹಳ ಅಂದವಾಗಿದ್ದವು. ನಾವು ನಿಂತಲ್ಲಿಂದಲೇ ಮೊಬೈಲಿನಲ್ಲಿ ಚಿತ್ರ ತೆಗೆದು, ನಾಲ್ಕಾರು ಮಿತ್ರರಿಗೆ ಕಳಿಸಿ, ಅವರ ಮೆಚ್ಚುಗೆ ಪಡೆದು, ತಿಂಡಿಗೆ ಹೋದೆವು. ಅಂದು ಮಧ್ಯಾಹ್ನ ನಮ್ಮ ಲೈನ್ ಮನೆಯ ಒಂದು ಸಂಸಾರ ಆ ಅಣಬೆಗಳನ್ನೇ ಕಿತ್ತು ಸಾರು ಮಾಡಿ ಉಂಡಿತು. ಅಸ್ಸಾಮಿನಿಂದ ಕೆಲಸಕ್ಕೆ ಬಂದ ಗಂಡ ಹೆಂಡತಿ, ಜೊತೆಗೆ ಎಂಟು ವರ್ಷದ ಮಗ. ಉಂಡು ಎರಡು ಗಂಟೆ ಕಳೆಯುವುದರೊಳಗೆ ಮೂವರಿಗೂ ವಾಂತಿ ಭೇದಿ ಹಿಡಿಯಿತು. ಜೀಪಿನಲ್ಲಿ ಹಾಕಿಕೊಂಡು ಆಸ್ಪತ್ರೆಗೆ ಓಡಿದೆವು.

ವೈದ್ಯರು ಮೂರು ಪ್ರಶ್ನೆ ಕೇಳಿದರು. ತಿಂದದ್ದು ಯಾವಾಗ? ವಾಂತಿ ಶುರುವಾದದ್ದು ಯಾವಾಗ? ತಿಂದದ್ದು ಯಾವ ಅಣಬೆ? ಮೊದಲ ಎರಡಕ್ಕೆ ಉತ್ತರವಿತ್ತು. ಮೂರನೆಯದಕ್ಕೆ ಇರಲಿಲ್ಲ, ಪಾತ್ರೆ ಕೂಡ ತೊಳೆದಾಗಿತ್ತು. ಆಗ ಬೆಳಗಿನ ಚಿತ್ರ ನೆನಪಾಯಿತು. ಪರಿಚಿತರಾದ ಸಸ್ಯಶಾಸ್ತ್ರದ ಅಧ್ಯಾಪಕರೊಬ್ಬರಿಗೆ ಅದನ್ನು ಕಳಿಸಿ ದೂರವಾಣಿ ಮಾಡಿದೆವು. ಅವರು ನೋಡಿ ಹೇಳಿದ್ದು ಇಷ್ಟು: "ಕೊಡೆಯೇನೋ ಚೆನ್ನಾಗಿ ಕಾಣುತ್ತದೆ. ಆದರೆ ಕೊಡೆಯ ಅಡಿಯ ಎಸಳು ಯಾವ ಬಣ್ಣ? ಕಾಂಡದ ಮೇಲೆ ಬಳೆ ಇತ್ತೆ? ಬುಡದಲ್ಲಿ ಏನಿತ್ತು? ಇವು ಮೂರೂ ಕಾಣದೆ ನಾನು ಏನನ್ನೂ ಹೇಳಲಾರೆ." ಬೆಳಗ್ಗೆ ಹತ್ತು ಜನ ಹೊಗಳಿದ ಚಿತ್ರ, ಅದು ಬೇಕಾದ ಹೊತ್ತಿನಲ್ಲಿ ಮೂರು ಕಾಸಿಗೂ ಬಾರದಾಯಿತು. ಆ ರಾತ್ರಿ ಆಸ್ಪತ್ರೆಯ ಬೆಂಚಿನ ಮೇಲೆ ಕುಳಿತು, ಬಗ್ಗಿ ಒಂದು ಅಣಬೆಯನ್ನು ಕಿತ್ತು ತಿರುಗಿಸಿ ನೋಡಿದ್ದರೆ ನಮ್ಮ ಗಂಟೇನು ಹೋಗುತ್ತಿತ್ತು ಎಂದು ಯೋಚಿಸಿದೆವು.

ದೇವರ ದಯೆ, ಮೂವರೂ ಮೂರು ದಿನದಲ್ಲಿ ಚೇತರಿಸಿಕೊಂಡು ಮನೆಗೆ ಬಂದರು. ಹುಡುಗ ಮಾತ್ರ ಬಹಳ ಸೊರಗಿದ್ದ. "ನಮ್ಮೂರಲ್ಲಿ ಇದೇ ಥರದ್ದು ತಿಂತೀವಿ ಸಾರ್" ಎಂದು ಅವನ ತಂದೆ ತಲೆ ತಗ್ಗಿಸಿ ಹೇಳಿದ. ತಪ್ಪು ಅವನದಲ್ಲ. ಇದೇ ಥರದ್ದು ಎಂಬ ಮಾತಿನೊಳಗೇ ಅಪಾಯವಿದೆ.

ಮರುದಿನ ಕಣದ ಅಂಚಿಗೆ ಹೋಗಿ ನೋಡಿದಾಗ ಬಲಿತ ಅಣಬೆ ಒಂದು ಉಳಿದಿತ್ತು. ತಿರುಗಿಸಿದರೆ ಎಸಳುಗಳು ಹಸಿರು ಮಿಶ್ರಿತ ಬೂದು ಬಣ್ಣಕ್ಕೆ ತಿರುಗಿದ್ದವು. ಅಧ್ಯಾಪಕರು ಹೇಳಿಕೊಟ್ಟಂತೆ ಕೊಡೆಯನ್ನು ಕಾಗದದ ಮೇಲೆ ಕವುಚಿ ಇಟ್ಟು ಬೆಳಗಾದ ಮೇಲೆ ಎತ್ತಿದರೆ ಕಾಗದದ ಮೇಲೆ ಹಸಿರು ಪುಡಿಯ ಅಚ್ಚು ಮೂಡಿತ್ತು. ಇದು ಕ್ಲೋರೋಫಿಲ್ಲಮ್ ಮೊಲಿಬ್ಡೈಟಿಸ್ ಎಂಬ ಅಣಬೆ. ಬೆಚ್ಚಗಿನ ನಾಡುಗಳಲ್ಲೆಲ್ಲ ಹುಲ್ಲುಗಾವಲಿನಲ್ಲಿ, ಅಂಗಳದಲ್ಲಿ ಏಳುತ್ತದೆ. ಎಳೆಯದಾಗಿದ್ದಾಗ ಎಸಳು ಬಿಳಿಯಾಗಿಯೇ ಇರುವುದರಿಂದ ತಿಳಿದವರೂ ಮೋಸಹೋಗುತ್ತಾರೆ. ಸಾಮಾನ್ಯವಾಗಿ ಪ್ರಾಣ ತೆಗೆಯುವುದಿಲ್ಲ, ಆದರೆ ಹೊಟ್ಟೆಯನ್ನು ಕಿತ್ತು ಹಾಕುತ್ತದೆ. ಮಕ್ಕಳಿಗೆ ಅಪಾಯ ಹೆಚ್ಚು.

ಈ ಸಂಗತಿಯನ್ನು ನಮ್ಮ ತೋಟದ ಹಿರಿಯ ಹೆಣ್ಣಾಳು ಒಬ್ಬರ ಬಳಿ ಹೇಳಿದೆವು. ನಲವತ್ತು ಮಳೆಗಾಲ ನಮ್ಮ ತೋಟದಲ್ಲಿ ಕಳೆದ ಜೀವ. ಅಣಬೆ ತರುವುದಿದ್ದರೆ ಊರವರು ಆಕೆಯನ್ನೇ ಕಳಿಸುತ್ತಿದ್ದರು. ಆಕೆ ನಕ್ಕು, "ಅಯ್ಯಾ, ಮೈಬಣ್ಣ ನೋಡಿ ಹೆಣ್ಣು ತರ್ತಾರಾ? ಮನೆತನ ನೋಡ್ಬೇಕು. ಅಣಬೆಗೂ ಹಂಗೇಯ. ಕೊಡೆ ನೋಡ್ಬಾರ್ದು, ಬೇರು ನೋಡ್ಬೇಕು" ಎಂದರು. ಆಕೆ ಅಣಬೆಯನ್ನು ಮೇಲಿನಿಂದ ಕಿತ್ತದ್ದನ್ನು ನಾವು ಕಂಡಿಲ್ಲ. ಎರಡು ಬೆರಳನ್ನು ಕಾಂಡದ ಪಕ್ಕದಲ್ಲಿ ಮಣ್ಣಿಗೆ ಇಳಿಸಿ, ಬುಡವನ್ನು ತಡವಿ ನೋಡಿ, ಬೇಕಾದರೆ ಎತ್ತುತ್ತಿದ್ದರು, ಬೇಡವಾದರೆ ಮಣ್ಣು ಮುಚ್ಚಿ ಮುಂದೆ ಹೋಗುತ್ತಿದ್ದರು. ಇಷ್ಟು ವರ್ಷ ಅದನ್ನು ನಾವು ಮುದುಕಿಯ ಅಭ್ಯಾಸ ಎಂದುಕೊಂಡಿದ್ದೆವು. ಅದು ಶಾಸ್ತ್ರವೆಂದು ಈಗ ತಿಳಿಯಿತು.

ಆಕೆಯ ಮಾತಿನ ಹಿಂದಿರುವ ವಿಜ್ಞಾನ ಸರಳವಾಗಿದೆ. ನಮ್ಮ ಭಾಗದಲ್ಲಿ ಜನ ಹೆಚ್ಚು ಇಷ್ಟಪಡುವುದು ಹುತ್ತದ ಅಣಬೆಯನ್ನು. ಇದರ ಕುಲಕ್ಕೆ ಟರ್ಮಿಟೊಮೈಸಿಸ್ ಎಂದು 1942ರಲ್ಲಿ ಫ್ರಾನ್ಸಿನ ರೋಜರ್ ಹೈಮ್ ಎಂಬ ವಿಜ್ಞಾನಿ ಹೆಸರಿಟ್ಟರು. ಗೆದ್ದಲು ಸೌದೆ, ತರಗೆಲೆ ತಿಂದು, ನೆಲದೊಳಗಿನ ಗೂಡಿನಲ್ಲಿ ಸ್ಪಂಜಿನಂಥ ಹಟ್ಟಿ ಕಟ್ಟಿ, ಅದರ ಮೇಲೆ ಈ ಶಿಲೀಂಧ್ರವನ್ನು ಬೆಳೆಸುತ್ತದೆ, ಅದನ್ನೇ ತಿಂದು ಬದುಕುತ್ತದೆ. ನಾವು ಕಾಫಿ ಬೆಳೆಯುವುದಕ್ಕಿಂತ ಎಷ್ಟೋ ಕಾಲ ಮೊದಲೇ ನಮ್ಮ ತೋಟದ ಕೆಳಗೆ ಇನ್ನೊಂದು ತೋಟಗಾರಿಕೆ ನಡೆದಿದೆ ಎಂದಾಯಿತು. ಮಳೆ ಬಿದ್ದಾಗ ಆ ಹಟ್ಟಿಯಿಂದ ಅಣಬೆ ಮಣ್ಣನ್ನು ಸೀಳಿಕೊಂಡು ಮೇಲೆ ಬರುತ್ತದೆ. ಹಾಗೆ ಬರಲು ಅದರ ನೆತ್ತಿ ಮೊಳೆಯಂತೆ ಚೂಪಾಗಿರುತ್ತದೆ. ಕಾಂಡ ಕೆಳಗೆ ಬೇರಿನಂತೆ ಉದ್ದಕ್ಕೆ ಇಳಿದು ಗೆದ್ದಲಿನ ಗೂಡನ್ನು ಮುಟ್ಟುತ್ತದೆ. ಆ ಉದ್ದದ ಬೇರೇ ಹುತ್ತದ ಅಣಬೆಯ ಮನೆತನದ ಗುರುತು.

ಇನ್ನು ಪ್ರಾಣ ತೆಗೆಯುವ ಅಣಬೆಗಳ ಪೈಕಿ ಮುಖ್ಯವಾದವು ಅಮಾನಿಟ ಕುಲದಲ್ಲಿವೆ. ಈ ಕುಲದ ಅನೇಕ ಅಣಬೆಗಳು ಪಶ್ಚಿಮ ಘಟ್ಟದ ಕಾಡುಗಳಲ್ಲಿಯೂ ಏಳುತ್ತವೆ. ಎಲ್ಲವೂ ವಿಷವಲ್ಲ, ಆದರೆ ವಿಷವಾದದ್ದು ಘೋರ ವಿಷ. ಇವು ಹುಟ್ಟುವಾಗ ಮೊಟ್ಟೆಯಂಥ ಚೀಲದೊಳಗೆ ಇರುತ್ತವೆ. ಬೆಳೆದಾಗ ಚೀಲ ಹರಿದು, ಅದರ ಉಳಿಕೆ ಬುಡದಲ್ಲಿ ಬಟ್ಟಲಿನಂತೆ ನಿಲ್ಲುತ್ತದೆ. ಹಲವು ಜಾತಿಗಳಲ್ಲಿ ಕಾಂಡದ ಮೇಲೆ ಬಳೆಯೂ ಉಂಟು. ಆ ಬಟ್ಟಲು ಮಣ್ಣಿನೊಳಗೆ, ತರಗೆಲೆಯ ಕೆಳಗೆ ಅಡಗಿರುತ್ತದೆ. ಅಣಬೆಯನ್ನು ಮೇಲಿನಿಂದ ಚಿವುಟಿದರೆ ಅದು ಮಣ್ಣಿನಲ್ಲೇ ಉಳಿಯುತ್ತದೆ. ಮನೆಗೆ ಬರುವುದು ಯಾವ ಗುರುತೂ ಇಲ್ಲದ ಬಿಳಿಯ ಕೊಡೆ. ನಿಂತಲ್ಲಿಂದ ಚಿತ್ರ ತೆಗೆದರೂ ಅಷ್ಟೇ. ಒಳ್ಳೆಯ ಅಣಬೆಯ ಸಾಕ್ಷಿ ಮತ್ತು ಕೆಟ್ಟ ಅಣಬೆಯ ಸಾಕ್ಷಿ ಎರಡೂ ಬುಡದಲ್ಲಿವೆ. ನಾವು ಬಿಟ್ಟುಬರುವುದು ಬುಡವನ್ನೇ.

ತುಳುನಾಡಿನವರು ಕಲ್ಲಲಾಂಬು ಎಂದು ಕರೆಯುವ ಗುಂಡಗಿನ ಕಲ್ಲಣಬೆಯ ವಿಷಯದಲ್ಲಿಯೂ ಇದೇ ಎಚ್ಚರಿಕೆ ಬೇಕು. ಎಳೆಯ ಅಮಾನಿಟದ ಮೊಟ್ಟೆ, ತರಗೆಲೆಯ ನಡುವೆ ನೋಡಿದರೆ, ಇದೂ ಒಂದು ಗುಂಡು ಅಣಬೆ ಎಂದೇ ತೋರುತ್ತದೆ. ಮೇಲಿನಿಂದ ಕೆಳಕ್ಕೆ ಎರಡು ಹೋಳು ಮಾಡಿ ನೋಡಬೇಕು. ಎಳೆಯ ಕಲ್ಲಣಬೆಯ ಒಳಗೆ ಒಂದೇ ಸಮನಾದ ಬಿಳಿ ತಿರುಳು. ಅಮಾನಿಟದ ಮೊಟ್ಟೆಯೊಳಗೆ ಪುಟ್ಟ ಕೊಡೆ, ಕಾಂಡ, ಎಸಳಿನ ಆಕಾರ ಗೆರೆ ಎಳೆದಂತೆ ಕಾಣುತ್ತದೆ. ಒಳಗೆ ನೇರಳೆ ಮಿಶ್ರಿತ ಕಪ್ಪು ಕಂಡರೆ ಅದು ಬೇರೆಯೇ ಜಾತಿಯ ನೆಲದುಂಡೆಯಾಗಿರಬಹುದು, ಇಲ್ಲವೆ ಬಲಿತದ್ದು. ಎರಡೂ ಬೇಡ.

ಬುಡದ ನಂತರ ಬೀಜದ ಪುಡಿಯ ಬಣ್ಣ ಎರಡನೆಯ ಸಾಕ್ಷಿ. ಕಾಂಡ ಕತ್ತರಿಸಿ, ಕೊಡೆಯನ್ನು ಎಸಳು ಕೆಳಗಾಗುವಂತೆ ಅರ್ಧ ಬಿಳಿ, ಅರ್ಧ ಕಪ್ಪು ಕಾಗದದ ಮೇಲೆ ಇಟ್ಟು, ಲೋಟ ಕವುಚಿ ಒಂದು ರಾತ್ರಿ ಬಿಡಿ. ಬಿಳಿ ಪುಡಿ ಬಿಳಿ ಕಾಗದದ ಮೇಲೆ ಕಾಣದು, ಅದಕ್ಕೇ ಕಪ್ಪು ಕಾಗದ. ಅಮಾನಿಟದ್ದು ಬಿಳಿ, ಹುತ್ತದ ಅಣಬೆಯದು ನಸುಗೆಂಪು, ನಮ್ಮ ಕಣದ ಅಂಚಿನ ಅಣಬೆಯದು ಹಸಿರು. ಆದರೆ ಬಣ್ಣವೊಂದನ್ನೇ ನಂಬಬೇಡಿ. ನಸುಗೆಂಪು ಪುಡಿ ಬಿಡುವ ವಿಷದ ಅಣಬೆಗಳೂ ಇವೆ. ಅವಕ್ಕೆ ಗೆದ್ದಲಿನ ಗೂಡಿಗೆ ಇಳಿಯುವ ಬೇರು ಇರುವುದಿಲ್ಲ. ಹಾಗೆಯೇ ಗೆದ್ದಲು ಹೊರಗೆ ತಂದು ಹಾಕಿದ ಹಟ್ಟಿಯ ಚೂರಿನ ಮೇಲೆ ರಾಶಿಯಾಗಿ ಏಳುವ ಸಣ್ಣ ನುಚ್ಚಣಬೆಗೆ ಉದ್ದದ ಬೇರು ಇರುವುದಿಲ್ಲ. ಅದನ್ನು ಹುಟ್ಟಿನಿಂದ ಕಂಡವರಷ್ಟೇ ಗುರುತಿಸಬಲ್ಲರು. ಒಂದು ಗುರುತಿನ ಮೇಲೆ ತೀರ್ಪು ಕೊಡಬಾರದು ಎಂಬುದೇ ಇಲ್ಲಿನ ಪಾಠ.

ಬೆಳ್ಳಿ ಚಮಚ ಕಪ್ಪಾಗದಿದ್ದರೆ ವಿಷವಿಲ್ಲ, ಹುಳು ತಿಂದಿದ್ದರೆ ಮನುಷ್ಯ ತಿನ್ನಬಹುದು, ಬೆಳ್ಳುಳ್ಳಿ ಅಥವಾ ಅರಿಶಿನ ಹಾಕಿ ಚೆನ್ನಾಗಿ ಬೇಯಿಸಿದರೆ ವಿಷ ಹೋಗುತ್ತದೆ ಎಂಬ ಮಾತುಗಳನ್ನು ನಮ್ಮಲ್ಲಿ ವಿದ್ಯಾವಂತರೂ ಆಡುತ್ತಾರೆ. ಇವೆಲ್ಲವೂ ಸುಳ್ಳು. ಅಮಾನಿಟದ ವಿಷ ಬೇಯಿಸಿದರೂ ಹೋಗುವುದಿಲ್ಲ, ಒಣಗಿಸಿದರೂ ಹೋಗುವುದಿಲ್ಲ. ಬಸವನಹುಳು ಅದನ್ನು ತಿಂದು ಸುಖವಾಗಿರುತ್ತದೆ. ನಮ್ಮ ಯಕೃತ್ತು ಬಸವನಹುಳುವಿನದಲ್ಲ.

ಆ ವಿಷದ ನಡತೆಯನ್ನು ಎಲ್ಲರೂ ತಿಳಿದಿರಬೇಕು. ತಿಂದ ಕೂಡಲೇ ಏನೂ ಆಗುವುದಿಲ್ಲ. ಆರು ಗಂಟೆಯಿಂದ ಹಿಡಿದು, ಕೆಲವೊಮ್ಮೆ ಒಂದು ಇಡೀ ದಿನ ಕಳೆದ ಮೇಲೆ ವಾಂತಿ, ಭೇದಿ, ಹೊಟ್ಟೆನೋವು ಶುರುವಾಗುತ್ತದೆ. ಅದು ನಿಂತು, ಎರಡನೆಯ ದಿನದ ಹೊತ್ತಿಗೆ ರೋಗಿ ಎದ್ದು ಕುಳಿತು ಗಂಜಿ ಕೇಳಬಹುದು. ವಾಸಿಯಾಯಿತೆಂದು ಮನೆಗೆ ಕರೆತಂದು ಬಿಡುತ್ತಾರೆ. ಆದರೆ ಒಳಗೆ ಯಕೃತ್ತು ಕೆಡುತ್ತಲೇ ಇರುತ್ತದೆ. ಮೂರನೆಯ ಅಥವಾ ನಾಲ್ಕನೆಯ ದಿನ ಕಣ್ಣು ಹಳದಿಯಾಗುವಾಗ ಕಾಲ ಮಿಂಚಿರುತ್ತದೆ. ನಮ್ಮ ಲೈನಿನವರಿಗೆ ಎರಡು ಗಂಟೆಯಲ್ಲೇ ವಾಂತಿಯಾದದ್ದು ಒಂದು ರೀತಿಯಲ್ಲಿ ಅದೃಷ್ಟ ಎಂದು ವೈದ್ಯರು ಆಮೇಲೆ ಹೇಳಿದರು. ಆದರೆ ಬೇಗ ವಾಂತಿಯಾದ ಮಾತ್ರಕ್ಕೆ ನಿಶ್ಚಿಂತೆಯೂ ಇಲ್ಲ. ಒಂದೇ ಸಾರಿನಲ್ಲಿ ಎರಡು ಜಾತಿಯ ಅಣಬೆ ಬಿದ್ದಿದ್ದರೆ ಮೊದಲನೆಯದರ ಗದ್ದಲದಲ್ಲಿ ಎರಡನೆಯದು ಅಡಗಿಕೊಳ್ಳುತ್ತದೆ.

ಇದು ದೂರದ ಭಯವಲ್ಲ. ಮೇಘಾಲಯದ ಪಶ್ಚಿಮ ಜೈಂತಿಯಾ ಬೆಟ್ಟದ ಒಂದು ಹಳ್ಳಿಯಲ್ಲಿ ಕಾಡಣಬೆ ತಿಂದು ಆರು ಜನ ತೀರಿಕೊಂಡರು. 2022ರ ಏಪ್ರಿಲಿನಲ್ಲಿ ಮೇಲಿನ ಅಸ್ಸಾಮಿನ ಜಿಲ್ಲೆಗಳಲ್ಲಿ ಕೆಲವೇ ದಿನಗಳೊಳಗೆ 13 ಜನ ತೀರಿಕೊಂಡರು. ಅವರಲ್ಲಿ ಹೆಚ್ಚಿನವರು ಚಹಾ ತೋಟಗಳ ಜನ. ತಲೆಮಾರುಗಳಿಂದ ಅಣಬೆ ತಿಂದುಕೊಂಡು ಬಂದವರು, ನಮ್ಮಂತೆಯೇ ತೋಟವನ್ನು ನಂಬಿದವರು. ತಮ್ಮ ಊರಿನಲ್ಲೇ ಗುರುತು ತಪ್ಪುವುದಾದರೆ, ಸಾವಿರಾರು ಮೈಲಿ ದಾಟಿ ನಮ್ಮ ಲೈನಿಗೆ ಬಂದವರ ಗತಿಯೇನು? ನಮ್ಮ ಮಣ್ಣು ಬೇರೆ, ಮರ ಬೇರೆ, ಅಣಬೆ ಬೇರೆ. ಅವರ ಕಣ್ಣಿಗೆ ಮಾತ್ರ ಊರಿನದರಂತೆಯೇ ಕಾಣುತ್ತದೆ. ತೋಟ ನಡೆಸುವ ನಾವು ಅವರ ಸಂಬಳಕ್ಕೆ ಹೊಣೆಯಿರುವಂತೆ ಈ ವಿಷಯದಲ್ಲಿಯೂ ಹೊಣೆಯಿದ್ದೇವೆ ಎಂಬುದು ನಮ್ಮ ಸ್ಪಷ್ಟ ಅಭಿಪ್ರಾಯ.

ಹಾಗಾದರೆ ಚಿತ್ರ ತೆಗೆಯುವುದೇ ವ್ಯರ್ಥವೆ? ಅಲ್ಲ. ತೆಗೆಯುವ ಕ್ರಮ ಸರಿಯಾಗಬೇಕು. ಮೂಡಿಗೆರೆಯ ಕಾಫಿ ತೋಟದಲ್ಲಿದ್ದುಕೊಂಡು ಪೂರ್ಣಚಂದ್ರ ತೇಜಸ್ವಿಯವರು ಹಕ್ಕಿಗಳ ಚಿತ್ರ ತೆಗೆದು ನಾಡಿಗೆ ಕಾಣಿಸಿದರು. ಹಕ್ಕಿ ಹಾರಿಹೋಗುತ್ತದೆ, ಅದಕ್ಕೆ ತಪಸ್ಸು ಬೇಕು. ಅಣಬೆ ಓಡುವುದಿಲ್ಲ. ಅದಕ್ಕೆ ಬೇಕಾದದ್ದು ಬಗ್ಗುವ ಸೊಂಟ, ಐದು ನಿಮಿಷದ ತಾಳ್ಮೆ. ಈ ಒಂದು ವರ್ಷದಲ್ಲಿ ನಾವು ತಪ್ಪು ಮಾಡಿ ಕಲಿತದ್ದನ್ನು ಕೆಳಗೆ ಬರೆಯುತ್ತೇವೆ.

ಒಂದು ಅಣಬೆಗೆ ಐದು ಚಿತ್ರ ಬೇಕು. ಮೊದಲನೆಯದು, ಅದು ಎದ್ದ ಜಾಗ ಸಮೇತ: ಹುಲ್ಲೋ, ಸೌದೆಯೋ, ಹುತ್ತವೋ, ಹತ್ತಿರದ ಮರ ಯಾವುದು ಎಂಬುದು ತಿಳಿಯುವಂತೆ. ಎರಡನೆಯದು, ಪಕ್ಕದಿಂದ, ನೆಲದ ಮಟ್ಟದಲ್ಲಿ. ಮೊಬೈಲನ್ನು ತಲೆಕೆಳಗು ಮಾಡಿ ಹಿಡಿದರೆ ಅದರ ಕಣ್ಣು ನೆಲದ ಸಮಕ್ಕೆ ಬರುತ್ತದೆ. ಮೂರನೆಯದು, ಕೊಡೆಯ ಅಡಿಯ ಎಸಳು. ನಾಲ್ಕನೆಯದು, ಬುಡ. ಚಾಕುವಿನಿಂದ ಸುತ್ತಲಿನ ಮಣ್ಣು ಸಡಿಲ ಮಾಡಿ, ಬೇರು ಅಥವಾ ಬಟ್ಟಲು ಹರಿಯದಂತೆ ಇಡಿಯಾಗಿ ಎತ್ತಿ ತೆಗೆಯಬೇಕು. ಐದನೆಯದು, ಉದ್ದಕ್ಕೆ ಸೀಳಿದ ಹೋಳು. ಸೀಳಿದ ಕೂಡಲೇ ಒಂದು, ಹತ್ತು ನಿಮಿಷ ಬಿಟ್ಟು ಮತ್ತೊಂದು. ಕೆಲವು ಅಣಬೆ ನೀಲಿಗೆ ತಿರುಗುತ್ತವೆ, ಕೆಲವು ಕೆಂಪಾಗುತ್ತವೆ, ಕೆಲವು ಹಾಲು ಸುರಿಸುತ್ತವೆ. ಅಳತೆ ತಿಳಿಯಲು ಪಕ್ಕದಲ್ಲಿ ಒಂದು ಅಡಿಕೆಯನ್ನೋ ನಾಣ್ಯವನ್ನೋ ಇಡಿ. ಮುಟ್ಟಿದರೆ ವಿಷ ಏರುವುದಿಲ್ಲ, ಹೆದರಬೇಡಿ. ಕೈ ತೊಳೆದುಕೊಂಡರೆ ಸಾಕು.

ನೆರಳು ಮರದ ಕೆಳಗೆ ಮಳೆಗಾಲದಲ್ಲಿ ಬೆಳಕು ಸಾಲದು. ಹಾಗೆಂದು ಫ್ಲ್ಯಾಶ್ ಹಾಕಬಾರದು, ಬಿಳಿಯ ಅಣಬೆ ಸುಣ್ಣ ಬಳಿದಂತಾಗಿ ಗೆರೆಗಳೆಲ್ಲ ಮಾಯವಾಗುತ್ತವೆ. ಮೊಬೈಲನ್ನು ಕಲ್ಲಿಗೋ ಮರದ ಬೇರಿಗೋ ಆನಿಸಿ, ಎರಡು ಸೆಕೆಂಡು ತಡೆದು ತೆಗೆಯುವ ಟೈಮರ್ ಹಾಕಿದರೆ ಕೈನಡುಕ ಬರುವುದಿಲ್ಲ. ಬಿಳಿ ಟವೆಲನ್ನು ಪಕ್ಕದಲ್ಲಿ ಅಡ್ಡ ಹಿಡಿದರೆ ಎಸಳಿನ ಕಡೆಗೆ ಬೆಳಕು ಬೀಳುತ್ತದೆ. ಎಲೆಗಳ ನಡುವಿನ ಬೆಳಕು ಹಸಿರಾಗಿರುವುದರಿಂದ ಬಣ್ಣ ತಪ್ಪಾಗಿ ಕಾಣುತ್ತದೆ; ಒಂದು ಚೂರು ಬಿಳಿ ಕಾಗದವನ್ನು ಚಿತ್ರದೊಳಗೇ ಇಟ್ಟರೆ ನೋಡುವವರು ನಿಜವಾದ ಬಣ್ಣವನ್ನು ಊಹಿಸಬಲ್ಲರು. ಮೊಬೈಲಿನ ಕಣ್ಣನ್ನು ಪ್ರತಿ ಸಲ ಒಣಬಟ್ಟೆಯಿಂದ ಒರೆಸಿ. ಮಸುಕಾಗಿ ಬಂದ ನಮ್ಮ ಚಿತ್ರಗಳಲ್ಲಿ ಅರ್ಧಕ್ಕೆ ಕಾರಣ ಆವಿಯೇ ಹೊರತು ಬೇರೇನೂ ಅಲ್ಲ.

ಚಿತ್ರ ತೋರಿಸಿದರೆ ಹೆಸರು ಹೇಳುವ ಆಪ್‌ಗಳು ಬಂದಿವೆಯಲ್ಲ ಎಂದು ನಮ್ಮ ಮಕ್ಕಳು ಹೇಳುತ್ತಾರೆ. ಹುಡುಕಾಟಕ್ಕೆ ಅವು ಒಂದು ದಾರಿ ತೋರಿಸುತ್ತವೆ, ಅಲ್ಲಗಳೆಯುವುದಿಲ್ಲ. ಆದರೆ ಆಪ್ ಮಾಡುವುದು ನಾವು ತೋರಿಸಿದ ಚಿತ್ರವನ್ನು ತಾನು ಮೊದಲು ಕಂಡ ಚಿತ್ರಗಳೊಡನೆ ಹೋಲಿಸುವ ಕೆಲಸವನ್ನು. ಇದೇ ಥರದ್ದು ಎಂದ ಆ ಬಡಪಾಯಿ ತಂದೆ ಮಾಡಿದ್ದೂ ಅದನ್ನೇ. ಬುಡ ಕಾಣದ ಚಿತ್ರಕ್ಕೂ ಅದು ಹೆಸರು ಹೇಳಿಬಿಡುತ್ತದೆ. ಅಧ್ಯಾಪಕರು ಹೇಳಲಾರೆ ಎಂದರು. ಹೇಳಲಾರೆ ಎನ್ನುವ ವಿದ್ಯೆ ದೊಡ್ಡದು. ಆಪ್ ಹೇಳಿದ ಹೆಸರನ್ನು ನೋಟ್ ಪುಸ್ತಕದಲ್ಲಿ ಬರೆಯಿರಿ, ಒಲೆಯ ಮೇಲೆ ಇಡಬೇಡಿ.

ಹಿರಿಯ ಸದಸ್ಯರೊಬ್ಬರು ನಮ್ಮೊಡನೆ ವಾದಿಸಿದರು: "ನಮ್ಮ ಅಜ್ಜನ ಕಾಲದಿಂದ ತಿಂದಿದ್ದೇವೆ, ಯಾರಿಗೆ ಏನಾಗಿದೆ?" ಅವರ ಮಾತು ನಿಜ. ಅವರ ಅಜ್ಜ ತಿಂದದ್ದು ತಾವು ಬಲ್ಲ ಮೂರು ನಾಲ್ಕು ಬಗೆಯ ಅಣಬೆಯನ್ನು, ತಾವು ಬಲ್ಲ ಜಾಗದಲ್ಲಿ ಎದ್ದದ್ದನ್ನು, ಬೇರು ನೋಡಬಲ್ಲ ಕೈ ತಂದುಕೊಟ್ಟದ್ದನ್ನು. ಆ ಕೈಗಳು ಈಗ ಎಷ್ಟು ಉಳಿದಿವೆ? ಕೊಡಗಿನಲ್ಲಿ ಕುಮ್ಮು, ತುಳುನಾಡಿನಲ್ಲಿ ಲಾಂಬು, ನಮ್ಮಲ್ಲಿ ಅಣಬೆ, ಕೆಲವರ ಬಾಯಲ್ಲಿ ಅಳಂಬೆ. ಒಂದೊಂದು ಜಾತಿಗೂ ಒಂದೊಂದು ಹೆಸರಿಟ್ಟು, ಉಳಿದುದನ್ನೆಲ್ಲ ನಾಯಿಕೊಡೆ ಎಂದು ದೂರ ಇಟ್ಟ ಜನ ನಾವು. ಆ ಹೆಸರುಗಳನ್ನು ಹೇಳಬಲ್ಲವರು ಒಬ್ಬೊಬ್ಬರಾಗಿ ಹೋಗುತ್ತಿದ್ದಾರೆ. ನಮ್ಮ ತೋಟದ ಆ ಹಿರಿಯಾಕೆಗೆ ಈಗ ಕಣ್ಣು ಮಂಜಾಗಿದೆ. ಆಕೆಯ ಮಗಳು ಪೇಟೆಯಲ್ಲಿದ್ದಾಳೆ, ಡಬ್ಬಿಯಲ್ಲಿ ಬರುವ ಅಣಬೆ ಕೊಳ್ಳುತ್ತಾಳೆ.

ಇದರಿಂದ ಬೆಳೆಗೆ ಏನು ಲಾಭ ಎಂದು ಕೇಳುವವರಿಗೂ ಉತ್ತರವಿದೆ. ಅಡಿಕೆಯ ಅಣಬೆ ರೋಗವನ್ನು ನಾವೆಲ್ಲ ಬಲ್ಲೆವು. ಮರದ ಬುಡದಲ್ಲಿ ಗ್ಯಾನೊಡರ್ಮ ಎಂಬ ಗಟ್ಟಿ ಅಣಬೆ ಮೂಡುವ ಹೊತ್ತಿಗೆ ರೋಗ ಬೇರಿನೊಳಗೆ ಬಹಳ ದಿನದಿಂದ ಮನೆ ಮಾಡಿರುತ್ತದೆ. ಕಾಫಿಯ ಬೇರುರೋಗಗಳು ಕಡಿದ ನೆರಳು ಮರದ ಕೊರಡಿನಿಂದ ಹಬ್ಬುತ್ತವೆ. ಯಾವ ಕೊರಡಿನಲ್ಲಿ, ಯಾವ ಮರದ ಬುಡದಲ್ಲಿ, ಯಾವ ವರ್ಷ ಏನು ಮೂಡಿತು ಎಂಬುದರ ಚಿತ್ರ ನಿಮ್ಮ ಬಳಿ ಇದ್ದರೆ ಎಲ್ಲಿ ಕಾಲುವೆ ತೆಗೆದು ರೋಗವನ್ನು ತಡೆಯಬೇಕೆಂಬುದು ತಿಳಿಯುತ್ತದೆ. ಮೈಸೂರು ಸಂಸ್ಥಾನದಲ್ಲಿ ಡಾಕ್ಟರ್ ಲೆಸ್ಲಿ ಕೋಲ್ಮನ್ ಅವರು ಅಡಿಕೆಯ ಕೊಳೆರೋಗವನ್ನು ಕುರಿತು 1910ರಲ್ಲಿ ಬರೆದು, ಬೋರ್ಡೋ ದ್ರಾವಣ ಹೊಡೆಯುವುದನ್ನು ಬೆಳೆಗಾರರಿಗೆ ತೋರಿಸಿದರು. ಅವರು ಮೊದಲು ಮಾಡಿದ ಕೆಲಸ ರೋಗದ ಜೀವಿಯನ್ನು ಹತ್ತಿರದಿಂದ ನೋಡಿ ಗುರುತು ಹಿಡಿದದ್ದು. ಇಂದಿನ ವಿಜ್ಞಾನ ಆ ಜೀವಿಯನ್ನು ಶಿಲೀಂಧ್ರಗಳ ಸಾಲಿನಿಂದ ಹೊರಗಿಟ್ಟಿದೆ, ಆದರೆ ಔಷಧಿ ಇಂದಿಗೂ ನಮ್ಮ ಕೊನೆಗಳನ್ನು ಕಾಯುತ್ತಿದೆ. ಕಾಫಿಯ ಕೊಳೆರೋಗದ ಶಿಲೀಂಧ್ರಕ್ಕೆ 1876ರಲ್ಲಿ ಎಂ. ಸಿ. ಕುಕ್ ಎಂಬ ಆಂಗ್ಲ ವಿಜ್ಞಾನಿ ಹೆಸರಿಡುವಾಗ ನಮ್ಮ ಕೊಳೆರೋಗ ಎಂಬ ಪದವನ್ನೇ ಲ್ಯಾಟಿನ್ ಹೆಸರಿನೊಳಗೆ ಸೇರಿಸಿದರು. ನಮ್ಮ ರೈತರ ಮಾತಿಗೆ ವಿಜ್ಞಾನದಲ್ಲಿ ಜಾಗವುಂಟು. ನಾವು ಬರೆದಿಟ್ಟರೆ ಮಾತ್ರ.

ಆದ್ದರಿಂದ ನಮ್ಮ ಸಲಹೆ ಇದು. ಸಂಘದ ಕಚೇರಿಯಲ್ಲಿ ಒಂದು ಅಣಬೆ ಆಲ್ಬಂ ಇಡೋಣ. ಸದಸ್ಯರು ತಮ್ಮ ತಮ್ಮ ತೋಟದಲ್ಲಿ ಕಂಡ ಅಣಬೆಯ ಐದು ಚಿತ್ರ, ಬೀಜದ ಪುಡಿಯ ಬಣ್ಣ, ಯಾವ ಮಳೆ, ಯಾವ ತಾರೀಕು, ಯಾವ ಮರದ ಕೆಳಗೆ, ಊರಿನ ಹಿರಿಯರು ಅದನ್ನು ಏನೆನ್ನುತ್ತಾರೆ ಎಂಬುದನ್ನು ಬರೆದು ಕೊಡಲಿ. ವರ್ಷಕ್ಕೊಮ್ಮೆ ಆಲ್ಬಮ್ಮನ್ನು ಕೃಷಿ ವಿಶ್ವವಿದ್ಯಾಲಯದ ಸಸ್ಯರೋಗ ತಜ್ಞರಿಗೆ ತೋರಿಸಿ ಶಾಸ್ತ್ರೀಯ ಹೆಸರು ಬರೆಸೋಣ. ಹುತ್ತದ ಅಣಬೆ ಏಳುವ ಜಾಗವನ್ನು ಅಣ್ಣ ತಮ್ಮನಿಗೂ ಹೇಳುವುದಿಲ್ಲ ಎಂಬುದು ನಮಗೆ ಗೊತ್ತು. ಜಾಗದ ಹೆಸರು ಬೇಡ, ಮರ ಮತ್ತು ಮಣ್ಣಿನ ವಿವರ ಸಾಕು. ನಿಮ್ಮ ಗುಟ್ಟು ನಿಮ್ಮಲ್ಲೇ ಇರಲಿ. ರಕ್ಷಿತಾರಣ್ಯಕ್ಕೆ ನುಗ್ಗಿ ಕೀಳುವ ಕೆಲಸವೂ ಬೇಡ, ನಮ್ಮ ತೋಟದಲ್ಲಿ ಬೇಕಾದಷ್ಟಿದೆ.

ಒಂದು ಎಚ್ಚರಿಕೆಯನ್ನು ಆಲ್ಬಮ್ಮಿನ ಮೊದಲ ಪುಟದಲ್ಲೇ ದಪ್ಪಕ್ಷರದಲ್ಲಿ ಬರೆಸುತ್ತೇವೆ: ಈ ಪುಸ್ತಕ ಅಡುಗೆಮನೆಗಲ್ಲ. ಚಿತ್ರ ಹೋಲುತ್ತದೆಂದು ಯಾರೂ ಅಣಬೆ ತಿನ್ನಬಾರದು. ಹೊಸ ಅಣಬೆ ತಿನ್ನುವ ಆಸೆ ಯಾರಿಗಾದರೂ ಇದ್ದರೆ, ಬೇಸಾಯ ಮಾಡಿದ ಅಣಬೆ ಪೇಟೆಯಲ್ಲಿ ಸಿಗುತ್ತದೆ.

ಎರಡನೆಯ ಸಲಹೆ ಇನ್ನೂ ತುರ್ತಿನದು. ಪ್ರತಿ ಲೈನ್ ಮನೆಯ ಗೋಡೆಗೆ ಒಂದು ಫಲಕ ಹಾಕೋಣ. ಕನ್ನಡದಲ್ಲಿ, ಮತ್ತು ಅಲ್ಲಿ ವಾಸಿಸುವವರು ಓದಬಲ್ಲ ಭಾಷೆಯಲ್ಲಿ. ಅದರಲ್ಲಿ ಐದೇ ಮಾತು. ಗೊತ್ತಿಲ್ಲದ ಅಣಬೆ ತಿನ್ನಬೇಡಿ. ತಿಂದು ಹೊಟ್ಟೆ ಕೆಟ್ಟರೆ, ಎಷ್ಟು ಹೊತ್ತಿನ ಮೇಲೆ ಕೆಟ್ಟರೂ, ಕೂಡಲೇ ಆಸ್ಪತ್ರೆಗೆ ಹೋಗಿ. ಜೊತೆಯಲ್ಲಿ ಉಂಡವರೆಲ್ಲರೂ ಹೋಗಿ. ಉಳಿದ ಅಣಬೆಯನ್ನು, ಕೊನೆಗೆ ಸಿಪ್ಪೆ, ಬುಡದ ಚೂರನ್ನಾದರೂ, ಕಾಗದದಲ್ಲಿ ಸುತ್ತಿ ತೆಗೆದುಕೊಂಡು ಹೋಗಿ, ಪ್ಲಾಸ್ಟಿಕ್ಕಿನಲ್ಲಿ ಅದು ಕೊಳೆಯುತ್ತದೆ. ವಾಂತಿ ನಿಂತಿತೆಂದು ವೈದ್ಯರು ಹೇಳುವ ಮುಂಚೆ ಮನೆಗೆ ಬರಬೇಡಿ.

ಫಲಕದ ಖರ್ಚು ದೊಡ್ಡದಲ್ಲ. ಮುಂದಿನ ಆಡಳಿತ ಮಂಡಳಿಯ ಸಭೆಯಲ್ಲಿ ಎರಡೂ ಸಲಹೆಗಳನ್ನು ಮಂಡಿಸಲಿದ್ದೇವೆ. ಒಪ್ಪುವವರೂ ಒಪ್ಪದವರೂ ದಯವಿಟ್ಟು ಬಂದು ಮಾತನಾಡಬೇಕು. ಆಲ್ಬಮ್ಮಿನ ಮೊದಲ ಪುಟಕ್ಕೆ ಅಂದಿನ ನಮ್ಮ ಚಿತ್ರವನ್ನೇ ಕೊಡುತ್ತಿದ್ದೇವೆ: ಮೇಲಿನಿಂದ ತೆಗೆದ, ಮಳೆಹನಿ ಹೊಳೆಯುವ, ಅಂದವಾದ ಬಿಳಿ ಕೊಡೆ. ಅದರ ಕೆಳಗೆ ಎಸಳು, ಬಳೆ, ಬುಡ ಎಂದು ಬರೆದು ಮೂರು ಜಾಗ ಖಾಲಿ ಬಿಟ್ಟಿದ್ದೇವೆ. ನಿಮ್ಮ ಚಿತ್ರಗಳಲ್ಲಿ ಆ ಮೂರೂ ತುಂಬಿರಲಿ.

ಆ ಸಂಸಾರ ಈ ವರ್ಷವೂ ನಮ್ಮ ತೋಟದಲ್ಲಿದೆ. ಮೊನ್ನೆ ಹುಡುಗ ಒಂದು ಅಣಬೆಯನ್ನು ಬೇರು ಸಮೇತ, ಮಣ್ಣಿನೊಡನೆ ಅಡಿಕೆ ಹಾಳೆಯಲ್ಲಿ ಇಟ್ಟುಕೊಂಡು ಬಂದು, "ಸಾರ್, ಇದರ ಫೋಟೊ" ಎಂದ. ಬೇರು ಒಂದು ಮೊಳ ಉದ್ದ ಇತ್ತು.

— ಕಾರ್ಯದರ್ಶಿ